ಅಂಚು ಮುಟ್ಟದ ಕೈ

ರೇಷನ್ ಅಂಗಡಿಯ ಯಂತ್ರಕ್ಕೆ ಗೋರಖನಾಥನ ಗುರುತು ಇಲ್ಲ. ಪ್ರತಿ ತಿಂಗಳೂ ಅವನು ಹೋಗಿ ಹೆಬ್ಬೆಟ್ಟು ಒತ್ತುತ್ತಾನೆ, ಪ್ರತಿ ತಿಂಗಳೂ ಅದು ಕೆಂಪು ದೀಪ ತೋರಿಸುತ್ತದೆ. ಅಂಗಿಗೆ ಒರೆಸಿ ಒತ್ತುತ್ತಾನೆ, ಮತ್ತೆ ಕೆಂಪು. ಹಿಂದೆ ನಿಂತವರು "ನಿಮ್ಮ ಮನಿಯವ್ರನ್ನ ಕಳಸ್ರೀ, ಬಿಸಲಾಗ ನಿಂತೇವಿ" ಎಂದು ಗದ್ದಲ ಎಬ್ಬಿಸುತ್ತಾರೆ. ಕೊನೆಗೆ ಹೆಂಡತಿ ಕೌಸಲ್ಯಾಬಾಯಿ ಬಂದು ಒತ್ತಿದ ಮೇಲೆ ಅಕ್ಕಿ ಚೀಲಕ್ಕೆ ಬೀಳುತ್ತದೆ. ಮೂವತ್ತೊಂದು ವರ್ಷ ಕಾರಿನ ಬಣ್ಣದ ಮೇಲೆ ಪಾನಿ ಪೇಪರ್, ಅಂದರೆ ನೀರಲ್ಲಿ ನೆನೆಸಿದ ಮರಳುಕಾಗದ, ಉಜ್ಜಿ ಉಜ್ಜಿ ಅವನ ಬೆರಳಿನ ರೇಖೆಗಳು ಸವೆದು ಹೋಗಿವೆ. ಬೇರೆಯವರಾಗಿದ್ದರೆ ನಾಚಿಕೊಂಡು ಮೂಲೆ ಹಿಡಿಯುತ್ತಿದ್ದರು. ಗೋರಖನಾಥ ಹಾಗಲ್ಲ. ಹೆಬ್ಬೆಟ್ಟನ್ನು ಎತ್ತಿ ಇಡೀ ಸಾಲಿಗೆ ತೋರಿಸಿ, "ನೋಡ್ರಿ, ಸರ್ಕಾರದ ಮಷೀನಿಗೂ ಹಿಡೀಲಾರದಷ್ಟು ನುಣ್ಣಗ ಅದ" ಎಂದು ಹೇಳಿಯೇ ಪಕ್ಕಕ್ಕೆ ಸರಿಯುತ್ತಾನೆ.

ಅವನ ಬಲಗೈಗೆ ಮನೆಯಲ್ಲಿ ಒಬ್ಬ ಹಿರಿಯ ಅಧಿಕಾರಿಗೆ ಸಲ್ಲುವ ಸವಲತ್ತುಗಳಿದ್ದವು. ಅದು ಈರುಳ್ಳಿ ಹೆಚ್ಚುತ್ತಿರಲಿಲ್ಲ, ಗೋಣಿ ಎತ್ತುತ್ತಿರಲಿಲ್ಲ, ಬಿಸಿ ಚಹಾದ ಗ್ಲಾಸು ಹಿಡಿಯುತ್ತಿರಲಿಲ್ಲ. ಮಲಗುವ ಮುಂಚೆ ಅದಕ್ಕೊಂದು ಹನಿ ಕೊಬ್ಬರಿ ಎಣ್ಣೆ. ಮದುವೆ ಮನೆಯಲ್ಲಿ ಯಾರಾದರೂ ಜೋರಾಗಿ ಕೈಕುಲುಕಲು ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ದೂರದಿಂದಲೇ ನಮಸ್ಕಾರ.

"ಆ ಕೈಗೊಂದು ತೊಟ್ಟಿಲ ಕಟ್ರಿ" ಎನ್ನುತ್ತಿದ್ದಳು ಕೌಸಲ್ಯಾಬಾಯಿ. "ಜೋಗುಳ ನಾ ಹಾಡ್ತೇನಿ. ಈಗ ಎಡಗೈಯಾರ ಕೊಡ್ರಿ, ಸಿಲಿಂಡರ್ ಸರಸೋದದ."

"ನಿಂಗೇನ ಗೊತ್ತು? ಈ ಕೈ ಮ್ಯಾಲ ಬೀದರ ಜಿಲ್ಲಾದ ಕಾರಿನ ಮರ್ಯಾದಿ ನಿಂತದ."

ಮಾತು ಸ್ವಲ್ಪ ದೊಡ್ಡದಾಯಿತು, ನಿಜ. ಆದರೆ ಪೂರಾ ಸುಳ್ಳೂ ಅಲ್ಲ. ಚಿದ್ರಿ ರಸ್ತೆಯ ಜುಲ್ಫೀಕಾರನ ವರ್ಕ್‌ಶಾಪಿನಲ್ಲಿ ಡೆಂಟು ತೆಗೆಯುವವನು, ಗನ್ನು ಹಿಡಿದು ಬಣ್ಣ ಹೊಡೆಯುವ ಅಖೀಲ, ಇವರೆಲ್ಲ ಇದ್ದರೂ ಕಾರು ಹೊರಬೀಳುವುದು ಗೋರಖನಾಥ ಅಂಗೈ ಆಡಿಸಿ "ಹೋಗಲಿ" ಎಂದ ಮೇಲೆಯೇ. ಬಣ್ಣ, ಅದರ ಮೇಲಿನ ಗಾಜಿನಂಥ ಲ್ಯಾಕರ್ ಒಣಗಿದಾಗ ಮೈಯೆಲ್ಲ ಸಂತರಾ, ಅಂದರೆ ಕಿತ್ತಳೆ, ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಆ ಸಿಪ್ಪೆಯನ್ನು ಕನ್ನಡಿ ಮಾಡುವುದು ಅವನ ಕಸುಬು. ಹಿಂದಿನ ಸಂಜೆಯೇ ಬಕೆಟ್ಟಿನಲ್ಲಿ ನೆನೆಹಾಕಿದ ಪೇಪರು, ನೀರಿಗೆ ಎರಡು ಹನಿ ಶಾಂಪೂ. ಪೇಪರನ್ನು ಬರಿಗೈಯಲ್ಲಿ ಹಿಡಿದರೆ ಬೆರಳಿನ ಗುರುತು ಗೆರೆಯಾಗಿ ಬೀಳುತ್ತದೆಂದು ಹಳೆ ಹವಾಯಿ ಚಪ್ಪಲಿಯ ತುಂಡಿಗೆ ಸುತ್ತಿ ಉಜ್ಜಬೇಕು. ಮೊದಲು ಸಾವಿರ ನಂಬರಿನದು ಉದ್ದಕ್ಕೆ, ಆಮೇಲೆ ಹದಿನೈದು ನೂರರದು ಅಡ್ಡಕ್ಕೆ, ಕೊನೆಗೆ ಎರಡು ಸಾವಿರದ್ದು ಮತ್ತೆ ಉದ್ದಕ್ಕೆ. ಹಿಂದಿನ ಗೆರೆ ಅಳಿಯಿತೋ ಇಲ್ಲವೋ ಎಂಬುದು ಅಡ್ಡ ಉಜ್ಜಿದರೆ ಮಾತ್ರ ತಿಳಿಯುತ್ತದೆ. ಗುಂಡಗೆ ತಿರುಗಿಸಿದರೆ ಉಸ್ತಾದನಿಂದ ಬೆನ್ನಿಗೆ ಗುದ್ದು. ಆಗಾಗ ರಬ್ಬರಿನಿಂದ ನೀರು ಎಳೆದು ನೋಡಬೇಕು: ಹಾಲಿನ ಕೆನೆಯಂತೆ ಮಂಕಾದ ಕಡೆ ಸಮ, ಎಲ್ಲಿ ಚುಕ್ಕಿ ಮಿನುಗುತ್ತದೋ ಅಲ್ಲಿ ಇನ್ನೂ ಗುಳಿ.

ಇಷ್ಟನ್ನು ಯಾರಾದರೂ ಕಲಿಯಬಹುದು. ಕಲಿಯಲಾಗದ್ದು ಅಂಚು. ಬಾನೆಟ್ಟಿನ ತುದಿಯಲ್ಲಿ, ಬಾಗಿಲ ಮಡಿಕೆಯಲ್ಲಿ ಬಣ್ಣ ಹರಿದು ಕೆಳಗಿಳಿದು ಲ್ಯಾಕರ್ ಈರುಳ್ಳಿಯ ಪೊರೆಯಷ್ಟು ತೆಳ್ಳಗಿರುತ್ತದೆ. ಎರಡು ಸಲ ಹೆಚ್ಚು ಉಜ್ಜಿದರೆ ಅಂಚು ಕಟ್. ಕೆಳಗಿನ ಪ್ರೈಮರ್ ಹಲ್ಲು ಕಿರಿಯುತ್ತದೆ. ಅದಕ್ಕೇ ಗೋರಖನಾಥ ಅಂಚಿನುದ್ದಕ್ಕೂ ಒಂದು ಬೆರಳಗಲ ಟೇಪು ಹಚ್ಚಿ ಅಲ್ಲಿಗೆ ಪೇಪರು ಒಯ್ಯುತ್ತಲೇ ಇರಲಿಲ್ಲ. ಆ ಬೆರಳಗಲದಲ್ಲಿ ಸಂತರಾ ಸಿಪ್ಪೆ ಹಾಗೇ ಉಳಿಯುತ್ತಿತ್ತು. ಅದನ್ನು ಬರಿ ಅಂಗೈಯಿಂದ, ರಬ್ಬಿಂಗ್ ಪೇಸ್ಟು ಹಚ್ಚಿ ಹೊಳೆಸುತ್ತಿದ್ದ. ಕಾರಿನ ಮಾಲಕರಿಗೆ ಅದು ಕಾಣುತ್ತಿರಲಿಲ್ಲ. ಕಾಣಬೇಕಾದರೆ ಕಾರಿನ ಮೂಗಿಗೆ ತಮ್ಮ ಮೂಗು ತಾಗಿಸಬೇಕು.

ವರ್ಕ್‌ಶಾಪಿನಲ್ಲಿ ಒಂದು ಕಾನೂನಿತ್ತು. ಅಂಚು ಕಟ್ ಮಾಡಿದವನು ಎಂಟು ದಿನ ಪೇಪರು ಮುಟ್ಟುವಂತಿಲ್ಲ. ಮಗ್ಗು ಹಿಡಿದು, ಉಜ್ಜುವವರ ಕೈಮೇಲೆ ನೀರು ಹೊಯ್ಯುತ್ತ ನಿಲ್ಲಬೇಕು. ಜುಲ್ಫೀಕಾರನ ಅಬ್ಬಾನ ಕಾಲದ ಕಾನೂನು. ಜುಲ್ಫೀಕಾರ ತಾನೇ ಎರಡು ಸಲ ಹೊಯ್ದಿದ್ದ. ಅಖೀಲ ಎಷ್ಟು ಸಲ ಎಂದು ಲೆಕ್ಕ ಬಿಟ್ಟಿದ್ದ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮಗ್ಗು ಹಿಡಿಯದವನು ಗೋರಖನಾಥ ಒಬ್ಬನೇ. ಈ ಸಂಗತಿಯನ್ನು ಅವನು ಯಾರಿಗೂ ತಾನಾಗಿ ಹೇಳುತ್ತಿರಲಿಲ್ಲ. ಕೇಳುವವರೆಗೂ ಅವರ ಮುಂದೆ ಅಂಚಿನ ಬಗ್ಗೆಯೇ ಮಾತಾಡುತ್ತಿದ್ದ, ಅಷ್ಟೇ.

ಇನ್ನೊಂದು ಚಟ. ಕೆಲಸ ಮುಗಿದ ಕಾರಿನ ಬಾನೆಟ್ ಎತ್ತಿ, ಒಳಮಡಿಕೆಯ ಮೂಲೆಯಲ್ಲಿ ಒಂದು ಚಿಟಿಕೆ ಪ್ರೈಮರ್ ಹಚ್ಚಿ ಹೆಬ್ಬೆಟ್ಟು ಒತ್ತುವುದು. ರೇಖೆಯಿಲ್ಲದ, ಬರಿ ಬೂದು ಬೊಟ್ಟು. "ದೊಡ್ಡ ಮಂದಿ ಕಾಗದಕ್ಕ ಸಹಿ ಮಾಡ್ತಾರ, ನಾ ಕಾರಿಗೆ ಮಾಡ್ತೇನಿ" ಎನ್ನುತ್ತಿದ್ದ. ಹಾಗಾಗಿ ಜಿಲ್ಲೆಯ ಪೇಂಟರುಗಳಿಗೆಲ್ಲ ಬೋಳು ಹೆಬ್ಬೆಟ್ಟೆಂದರೆ ಗೋರಖನಾಥ ಎಂದು ಗೊತ್ತು.

ಕೌಸಲ್ಯಾಬಾಯಿಯ ತಮ್ಮ ಉತ್ತಮನೂ ಈ ಕೈ ಕೆಳಗೇ ಕಲಿತವನು. ಔರಾದದಿಂದ ಬಂದು ಅಕ್ಕನ ಮನೆಯಲ್ಲಿ ಉಂಡು, ನಾಲ್ಕು ವರ್ಷ ಉಜ್ಜಿ, ಆಮೇಲೆ ಹೈದರಾಬಾದಿಗೆ ಹೋಗಿ ಬಂದ. ಬಂದವನು ಭಾಲ್ಕಿಯಲ್ಲಿ ಒಂದು ಅಂಗಡಿ ತೆಗೆದ. ಅದಕ್ಕೆ ಅಂಗಡಿ ಎನ್ನುವಂತಿಲ್ಲ, ಸ್ಟುಡಿಯೋ. ಒಳಗೆ ನೀಲಿ ದೀಪ, ಗೋಡೆಗೆ ನೇತುಹಾಕಿದ ಕರೆಂಟಿನ ಉಜ್ಜುವ ಮಷೀನು, ಕೈಗೆ ಕರಿ ಗ್ಲೌಸು. ಅಕ್ಕನ ಗಂಡನನ್ನು ಅವರಲ್ಲಿ ದಾಜಿ ಎನ್ನುತ್ತಾರೆ. "ದಾಜಿ, ಆಯ್ತವಾರ ನಿಮಗ ಸೂಟಿನೇ ಅದ. ಒಂದೊಂದು ಕಾರಿಗೆ ಕೈ ಹಚ್ಚಿ ಹೋಗ್ರಿ. ನಿಮ್ಮ ಕೈ ಬಿದ್ರ ನಂದು ನಡೀತದ" ಎಂದು ಉತ್ತಮ ಕೇಳಿದಾಗ ಗೋರಖನಾಥನಿಗೆ ಎದೆ ಒಂದು ಗೇಣು ಅಗಲವಾಯಿತು. ಎರಡು ವರ್ಷ, ವಾರ ತಪ್ಪದೆ, ಭಾನುವಾರ ಮುಂಜಾನೆಯ ಬಸ್ಸಿಗೆ ಭಾಲ್ಕಿಗೆ ಹೋಗಿ ಉಜ್ಜಿ ಬಂದ. ಕೂಲಿ ಕೇಳಲಿಲ್ಲ, ಮೈದುನನ ಹತ್ತಿರ ಕೂಲಿ ಕೇಳುವಷ್ಟು ಸಣ್ಣ ಕೈಯಲ್ಲ ಅದು.

ಅವನು ಉಜ್ಜುವಾಗ ಉತ್ತಮ ಶಟರನ್ನು ಅರ್ಧಕ್ಕಿಂತ ಕೆಳಗೆ ಎಳೆಯುತ್ತಿದ್ದ. "ಧೂಳು ಬರ್ತದ ದಾಜಿ." ಗೋರಖನಾಥ ತಲೆದೂಗಿದ. ಬಣ್ಣದವರಿಗೆ ಧೂಳೇ ವೈರಿ; ಶಟರು ಎಳೆದವನ ಮೇಲೆ ಅವನಿಗೆ ಗೌರವವೇ ಹೆಚ್ಚಾಯಿತು. ಬೇರೆ ಕಸುಬಿನ ಯಾರೇ ಆಗಿದ್ದರೂ ಹಾಡುಹಗಲು ಶಟರು ಯಾಕೆ ಎಂದು ಒಮ್ಮೆಯಾದರೂ ಕೇಳುತ್ತಿದ್ದರು.

ಹೀಗಿರುವಾಗ ಒಂದು ಬುಧವಾರ ಜುಲ್ಫೀಕಾರನ ವರ್ಕ್‌ಶಾಪಿನ ಮುಂದೆ ಭಾಲ್ಕಿಯ ಕರಿ ಕಾರೊಂದು ಬಂದು ನಿಂತಿತು. ನಂಬರ್ ಪ್ಲೇಟಿನ ಮೇಲೆ ಇನ್ನೊಂದು ಕೆಂಪು ಪ್ಲೇಟು. ಅದರಲ್ಲಿ ದೊಡ್ಡದಾಗಿ 'ಅಧ್ಯಕ್ಷರು', ಅದರ ಹಿಂದೆ ಇರುವೆಯಷ್ಟು ಸಣ್ಣದಾಗಿ 'ಮಾಜಿ'. ಇಳಿದವರು ಸುಶೀಲಕುಮಾರ. ಐವತ್ತೊಂದು ಮಂದಿ ಸದಸ್ಯರಿದ್ದ ಒಂದು ಸಹಕಾರ ಸಂಘಕ್ಕೆ ಹನ್ನೊಂದು ತಿಂಗಳು ಅಧ್ಯಕ್ಷರಾಗಿದ್ದವರು. ಇಳಿದು, ತಮಗಾಗಿ ಕುರ್ಚಿ ಬರಬಹುದೆಂದು ಒಂದು ಗಳಿಗೆ ನಿಂತರು. ಬರಲಿಲ್ಲ.

"ಇಲ್ಲಿ ಗೋರಖನಾಥ ಅನ್ನೋರು ಯಾರ್ರಿ?"

"ನಾನೇ ನೋಡ್ರಿ" ಎಂದು ಗೋರಖನಾಥ ಮುಂದೆ ಬಂದ. ಹೊಗಳಿಸಿಕೊಳ್ಳಲು ಬಂದವನ ನಡಿಗೆಯೇ ಬೇರೆ. ಕುತ್ತಿಗೆ ಒಂದು ಕಡೆ ವಾಲಿರುತ್ತದೆ. ಹೋದ ಆಯ್ತವಾರ ತಾನೇ ಉಜ್ಜಿದ ಕರಿ ಕಾರು ಇದು. ಕರಿ ಬಣ್ಣವೆಂದರೆ ಪರೀಕ್ಷೆ. ಕೂದಲೆಳೆಯಷ್ಟು ಗೆರೆ ಬಿದ್ದರೂ ಊರಿಗೆಲ್ಲ ಕಾಣುತ್ತದೆ.

"ಏನ್ ಮಾಡೀರಿ ನೋಡ್ರಿ ಇಲ್ಲಿ."

ಬಾನೆಟ್ಟಿನ ಮೂಗಿನ ಅಂಚಿನಲ್ಲಿ, ಎರಡು ಬೆರಳುದ್ದ, ಲ್ಯಾಕರ್ ಹೋಗಿ ಕರಿ ಹೋಗಿ ಬೂದು ಪ್ರೈಮರ್ ಕಾಣುತ್ತಿತ್ತು. ಅಂಚು ಕಟ್.

ವರ್ಕ್‌ಶಾಪಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಅಖೀಲ ಗನ್ನು ಕೆಳಗಿಟ್ಟ.

"ಇದು ನಂದಲ್ರಿ" ಎಂದ ಗೋರಖನಾಥ.

"ನಿಮ್ದಲ್ಲಂದ್ರ?" ಸುಶೀಲಕುಮಾರ ಬಾನೆಟ್ ಎತ್ತಿ ಬೋಳು ಬೊಟ್ಟನ್ನು ತೋರಿಸಿದರು. "ಇದು ಯಾರ್ದು? ನಾ ಉತ್ತಮಗ ಕೇಳ್ದೆ. ಅವ ಹೇಳ್ದ, 'ಸಾಹೇಬ್ರ, ನಮ್ಮಲ್ಲಿ ಎಲ್ಲಾ ಮಷೀನ್ದ ಕೆಲಸ, ಮನುಷ್ಯಾನ ಕೈ ತಾಗಂಗೇ ಇಲ್ಲ. ನಾ ಚಹಾಕ್ಕ ಹೋದಾಗ ನಮ್ಮ ದಾಜಿ ಬಂದು, ಸುಮ್ನ ಕೂಡಲಾರದೆ ಪೇಪರ್ ಉಜ್ಯಾರ' ಅಂದ. ನೋಡ್ರಿ ಬೇಕಾರ." ಫೋನು ತೆಗೆದು ಒಂದು ವಿಡಿಯೋ ಹಚ್ಚಿದರು. ನೀಲಿ ದೀಪದಲ್ಲಿ ಉತ್ತಮ ಕರಿ ಗ್ಲೌಸು ಹಾಕಿ ಮಷೀನು ಹಿಡಿದು ನಿಂತಿದ್ದ. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಅದು ದೀಪಾವಳಿಗೆ ಮುಂಚೆ ತಾನು ಎರಡು ಆಯ್ತವಾರ ಉಜ್ಜಿದ ಬಿಳಿ ಕಾರು ಎಂದು ಗೋರಖನಾಥನಿಗೆ ಗುರುತು ಹತ್ತಿತು. "ಮನುಷ್ಯನ ಕೈ ತಾಗದ ಹೊಳಪು" ಎಂದು ಫೋನಿನೊಳಗಿನ ಉತ್ತಮ, ಬೆಂಗಳೂರಿನವರ ಕನ್ನಡದಲ್ಲಿ ಹೇಳಿದ.

ಗೋರಖನಾಥ ಅದನ್ನು ಎರಡನೇ ಸಲ ಹಚ್ಚಲು ಹೇಳಿದ. ಆಮೇಲೆ ಮೂರನೇ ಸಲ. ಎರಡು ವರ್ಷದ ಕೈಯ ಕೆಲಸಕ್ಕೆ ಮಷೀನಿನ ಹೆಸರು. ಮಷೀನಿನ ಒಂದು ತಪ್ಪಿಗೆ ಕೈಯ ಹೆಸರು. ಶಟರು ಕೆಳಗಿಳಿಯುತ್ತಿದ್ದುದು ಯಾವ ಧೂಳಿಗೆ ಎಂಬುದು ಈಗ ತಿಳಿಯಿತು.

"ಉತ್ತಮನ್ನೂ ಕರ್ಕೊಂಡೇ ಬಂದೇನಿ" ಎಂದರು ಸುಶೀಲಕುಮಾರ. ಹಿಂದಿನ ಸೀಟಿನ ಗಾಜು ಇಳಿಯಿತು. ಇಷ್ಟು ಹೊತ್ತೂ ಒಳಗೆ ಕೂತಿದ್ದ ಉತ್ತಮ ಇಳಿದು ಬಂದ. ದಾಜಿಯ ಮುಖ ಬಿಟ್ಟು ಬೇರೆಲ್ಲ ಕಡೆ ನೋಡಿದ.

ಜುಲ್ಫೀಕಾರ ಗಡ್ಡ ಕೆರೆದುಕೊಂಡ. "ಉತ್ತಮ, ಸಚ್ ಬೋಲ್. ಗೋರಖ ಭಾಯ್ ಅಂಚು ಕಟ್ ಮಾಡ್ಯಾರೇನು?"

"ಮಾಡ್ಯಾರ ಭಾಯ್. ಬೇಕಂತ ಮಾಡಿಲ್ಲ. ದಾಜಿಗೆ ವಯಸ್ಸಾಗ್ಯದ. ಎಲ್ಲಿ ತನಕ ಉಜ್ದೇನಿ ಅನ್ನೋದೇ ಮರೀತಾರ."

ಯಾರೋ ಕಿಸಕ್ಕೆಂದರು. ಅಖೀಲನಿಗೆ ಮೂವತ್ತು ದಿನದ ಹಬ್ಬ ಒಂದೇ ದಿನ ಬಂದಂತಾಯಿತು. ಅವನು ಒಳಗೆ ಹೋಗಿ ಬಕೆಟ್ಟಿನ ಮಗ್ಗನ್ನು ತೊಳೆದು ತಂದು, ಎರಡೂ ಕೈಯಲ್ಲಿ ಹಿಡಿದು ಗೋರಖನಾಥನ ಮುಂದೆ ಬಾಗಿದ. "ಉಸ್ತಾದ್, ಕಾನೂನು ಅಂದ್ರ ಕಾನೂನು. ಹದಾ ಬಿಸಿ ನೀರ್ ಹೊಯ್ರಿ ನಂಗ, ಥಂಡಿ ಆಗಿ ಬರಲ್ಲ."

ಗೋರಖನಾಥ ಮಗ್ಗು ತೆಗೆದುಕೊಂಡು ಹಿತ್ತಲಿನ ನಲ್ಲಿಯ ಕಡೆ ನಡೆದ. ಉತ್ತಮ ಹಿಂದೆಯೇ ಬಂದ. ನಲ್ಲಿಯ ಹತ್ತಿರ ಬೇರೆ ಯಾರೂ ಇರಲಿಲ್ಲ.

"ದಾಜಿ, ಸಿಟ್ಟಾಗಬ್ಯಾಡ್ರಿ. ನೀವು ಹೋದ ಮ್ಯಾಲ ವಿಡಿಯೋಕ್ಕಂತ ಮಷೀನು ಹಚ್ಚಿದ್ದೆ, ಒಂದು ಗಳಿಗಿ ಹೆಚ್ಚು ನಿಂತುಬಿಡ್ತು. ಸಾಹೇಬ್ರಿಗೆ ಗೊತ್ತಾದ್ರ ಭಾಲ್ಕ್ಯಾಗ ನನ್ನ ಸ್ಟುಡಿಯೋ ಮುಚ್ಚಿದಂಗೇ. ಅವರ ಹಿಂದ ಹತ್ತು ಕಾರ್ ಬರೋವ ಅವ."

"ಅದಕ್ಕ ನನ್ನ ಹೆಸರು ಹೇಳ್ದಿ?"

"ಮನಿ ಮಾತು ಮನ್ಯಾಗ ಇರಲಿ ದಾಜಿ. ಎಂಟು ದಿನ ನೀರ್ ಹೊಯ್ದ್ರ ನಿಮ್ಮ ಗಂಟೇನ್ ಹೋಗ್ತದ?"

ಗೋರಖನಾಥ ಮಗ್ಗಿಗೆ ನೀರು ತುಂಬಿಸಿದ. ತುಂಬಿ ಚೆಲ್ಲುವವರೆಗೂ ನಲ್ಲಿ ನಿಲ್ಲಿಸಲಿಲ್ಲ. ಈ ಹುಡುಗನಿಗೆ ಪೇಪರು ಹಿಡಿಯಲು ಕಲಿಸಿದ ದಿನ, ಅವನ ಬೆರಳು ಸುಲಿದು ರಕ್ತ ಬಂದಾಗ ಕೌಸಲ್ಯಾಬಾಯಿ ಅರಿಷಿಣ ಹಚ್ಚಿದ್ದಳು. ಉಳಿದ ಎರಡು ತಾಸು ಅವನ ಪಾಲಿನದನ್ನೂ ತಾನೇ ಉಜ್ಜಿದ್ದ. ಅಂಚಿಗೆ ಹೋಗಬ್ಯಾಡ ಎಂದು ಅದೇ ದಿನ ಹೇಳಿಕೊಟ್ಟಿದ್ದ. ಗಂಟು ಹೋಗುವುದಿಲ್ಲವಂತೆ. ತನ್ನ ಹತ್ತಿರ ಇದ್ದ ಗಂಟು ಅದೊಂದೇ ಎಂಬುದು ಇವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮಗ್ಗು ಹಿಡಿದು ಹೊರಗೆ ಬಂದ. ಅಖೀಲ ಕೈ ಚಾಚಿ ತಯಾರಾಗಿ ನಿಂತಿದ್ದ. ಗೋರಖನಾಥ ಅವನನ್ನು ದಾಟಿ ಹೋಗಿ ನೀರನ್ನು ಕಾರಿನ ಬಾನೆಟ್ಟಿನ ಮೇಲೆ ಸುರಿದ.

"ಜುಲ್ಫೀಕಾರ, ಇಲ್ಲಿ ಬಾ. ಬಿಸಲಿಗೆ ಬೆನ್ನು ಮಾಡಿ ನಿಂದ್ರು. ಈ ಕಟ್ ಸುತ್ತ ನೋಡು, ಏನ್ ಕಾಣ್ತದ?"

ಒದ್ದೆಯ ಮೇಲೆ ಬಿಸಿಲು ಜಾರಿದಾಗ ಕಂಡಿತು: ಬಾವಿಗೆ ಕಲ್ಲು ಬಿದ್ದಾಗ ಏಳುವ ಬಳೆಗಳಂತೆ, ಗುಂಡು ಗುಂಡು ಗೆರೆಗಳು. ಕಟ್ಟಿನ ಬಾಯಲ್ಲಿ ಕರಿ ಬಣ್ಣ ಕಾದು ಸವರಿದಂತೆ ಅರ್ಧಚಂದ್ರವಾಗಿ ಎಳೆದುಕೊಂಡಿತ್ತು.

"ನಾ ಎಂದಾರ ಗುಂಡಗ ಉಜ್ಜೇನೇನು?"

"ನಿಮ್ಮಪ್ಪ ಬಂದು ಹೇಳಿದ್ರೂ ಉಜ್ಜಂಗಿಲ್ಲ" ಎಂದ ಜುಲ್ಫೀಕಾರ.

"ಕಟ್ ಬಿಡು. ಅದರ ಎಡಕ್ಕ, ಬಲಕ್ಕ, ಅಂಚಿನ ಮ್ಯಾಲ ಬೆರಳಿಡು. ಕಣ್ಣು ಮುಚ್ಚಿ ಇಡು."

ಜುಲ್ಫೀಕಾರ ಕಣ್ಣು ಮುಚ್ಚಿ ಬೆರಳಾಡಿಸಿದ. ಬೆರಳಗಲದ ಪಟ್ಟಿಯುದ್ದಕ್ಕೂ ಸಂತರಾ ಸಿಪ್ಪೆ ಹಾಗೇ ಇತ್ತು. ಪೇಪರು ಅಲ್ಲಿಗೆ ಬಂದೇ ಇರಲಿಲ್ಲ. ಕಟ್ ಇದ್ದ ಎರಡು ಬೆರಳಿನ ಜಾಗದಲ್ಲಿ ಮಾತ್ರ ಸಿಪ್ಪೆಯೂ ಇಲ್ಲ, ಬಣ್ಣವೂ ಇಲ್ಲ. ಆಮೇಲೆ ಅಖೀಲ ಮುಟ್ಟಿದ. ಆಮೇಲೆ ಉಳಿದವರು. ಎಲ್ಲರೂ ಸರದಿ ನಿಂತು, ಸತ್ತವರ ಮನೆಗೆ ಬಂದವರ ಹಾಗೆ ಮುಟ್ಟಿ ಮುಟ್ಟಿ ಪಕ್ಕಕ್ಕೆ ಸರಿದರು.

"ಟೇಪಿನ ಜಾಗ ಪೂರಾ ಹಂಗೇ ಅದ" ಎಂದು ಜುಲ್ಫೀಕಾರ ಕಣ್ಣು ತೆರೆದ. "ಇದು ಮಷೀನಿನ ಕೆಲಸ. ಗೋರಖ ಭಾಯ್ ಕೈ ಇಲ್ಲಿ ಬಂದೇ ಇಲ್ಲ. ಉತ್ತಮ, ಮಗ್ಗು ತಗೋ."

ಉತ್ತಮ ಮಗ್ಗಿನ ಕಡೆ ನೋಡಲಿಲ್ಲ. "ನಾ ನಿಮ್ಮ ವರ್ಕ್‌ಶಾಪಿನವ ಅಲ್ಲ ಭಾಯ್. ನಮ್ಮಲ್ಲಿ ಈ ಹಳೇ ಕಾನೂನೆಲ್ಲ ನಡ್ಯಂಗಿಲ್ಲ" ಎಂದು ಹೋಗಿ ಕಾರಿನಲ್ಲಿ ಕೂತ.

ಎಲ್ಲರೂ ಸುಶೀಲಕುಮಾರರನ್ನು ನೋಡಿದರು. ನ್ಯಾಯ ಹೇಳುವ ಇಂಥ ಅವಕಾಶ ಅಧ್ಯಕ್ಷಗಿರಿ ಹೋದ ಮೇಲೆ ಅವರಿಗೆ ಬಂದೇ ಇರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು. "ಯಾರ ಕೈ, ಯಾರ ಮಷೀನು, ಅದು ನಿಮ್ಮ ನಿಮ್ಮ ಒಳಗಿನ ವಿಷಯ. ನಂಗ ಶುಕ್ರವಾರ ಕಾರು ಬೇಕು. ಒಂದು ಉದ್ಘಾಟನೆ ಅದ."

ಶುಕ್ರವಾರದೊಳಗೆ ಅಖೀಲ ಬಣ್ಣ ಹೊಡೆದ, ಗೋರಖನಾಥ ಉಜ್ಜಿದ. ಹೆಬ್ಬೆಟ್ಟು ಒತ್ತಲು ಬಾನೆಟ್ ಎತ್ತಲೇ ಇಲ್ಲ.

ಆ ಬುಧವಾರದ ಸಂಜೆ ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ನಲ್ಲಿಯ ಹತ್ತಿರದ ಮಾತನ್ನು ಎರಡು ಸಲ ಹೇಳಿದ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಫೋನಿನ ವಿಡಿಯೋದ ಮಾತು ಬಂದಾಗ ಕೈ ನಿಲ್ಲಿಸದೆ ಹೇಳಿದಳು: "ಅದು ನಂಗ ಗೊತ್ತಿತ್ತು."

"ಏನು ಗೊತ್ತಿತ್ತು?"

"ಕೈ ತಾಗಂಗಿಲ್ಲ ಅಂತ ಹೇಳ್ಕೊಳ್ತಾನ ಅಂತ. ಔರಾದದಾಗ ಎಲ್ಲಾರೂ ನೋಡ್ಯಾರ. ನಿಮಗ ಹೇಳಿದ್ರ ನೀವು ಹೋಗೋದು ಬಿಡ್ತಿದ್ರಿ. ಅವಂದೂ ಸಂಸಾರ ನಡೀಬೇಕಲ್ರೀ."

"ಎಷ್ಟು ದಿನದಿಂದ?"

ಅವಳು ಸೊಪ್ಪಿನ ದಂಟು ಮುರಿದಳು. "ಆಯ್ತು ವರ್ಷ."

ಗೋರಖನಾಥ ಎದ್ದು ಹೋಗಿ ಮಲಗಿದ. ಕೈಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಳ್ಳಲಿಲ್ಲ ಎಂಬುದನ್ನು ಅವಳು ನೋಡಲಿ ಎಂದು ಡಬ್ಬಿಯನ್ನು ನಡುಮನೆಯಲ್ಲೇ ಬಿಟ್ಟಿದ್ದ. ಬೆಳಿಗ್ಗೆ ಅದು ಗೋಡೆಯ ಮಾಡದಲ್ಲಿ, ಎಂದಿನ ಜಾಗದಲ್ಲಿ ಇತ್ತು.

ಹದಿನೈದು ದಿನ ಕಳೆದ ಮೇಲೆ ಔರಾದದಲ್ಲಿ ಉತ್ತಮನ ಮಗಳು ಪ್ರಣಾಲಿಯ ಹುಟ್ಟುಹಬ್ಬ. ಬೇಡವೆಂದರೂ ಕೌಸಲ್ಯಾಬಾಯಿ ಬಿಡಲಿಲ್ಲ: "ಕೂಸಿನ ಮ್ಯಾಲ ಏನ್ ಸಿಟ್ಟು?" ಕೂಸಿನ ಮೇಲೆ ಸಿಟ್ಟಿರಲಿಲ್ಲ. ಹೋದರು. ಬುದ್ಧನ ಫೋಟೋದ ಕೆಳಗೆ ಬಲೂನು ಕಟ್ಟಿದ್ದರು. ಗೋರಖನಾಥ ಹೊಸ ಅಂಗಿ ಹಾಕಿ, ಬೀದರದಲ್ಲಿ ಕಳಂಕ ತೊಳೆದುಕೊಂಡವನ ಗಾಂಭೀರ್ಯದಲ್ಲಿ ಕುರ್ಚಿಯ ತುದಿಗೆ ಕೂತ. ಯಾರಾದರೂ ಕೇಳಿದರೆ ಬಳೆ ಬಳೆ ಗೆರೆಯಿಂದ ಶುರು ಮಾಡಬೇಕೋ, ಸಂತರಾ ಸಿಪ್ಪೆಯಿಂದಲೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದ.

ಕೇಳಿದವನು ಸಾಲಿ ಮಾಸ್ತರ ರಾಜರತ್ನ, ಕೌಸಲ್ಯಾಬಾಯಿಯ ಚಿಕ್ಕಪ್ಪನ ಮಗ. ಕೈಯಲ್ಲಿ ಕೇಕಿನ ತಟ್ಟೆ. "ಏನ್ ದಾಜಿ, ಭಾಲ್ಕಿ ಅಧ್ಯಕ್ಷರ ಬಾನೆಟ್ ಹಾರಿಸಿಬಿಟ್ರಂತ?"

ಗೋರಖನಾಥ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಧ್ಯೆ ಬಂದಳು. "ಅಳಿಯಂದ್ರಿಗೆ ಏನೂ ಅನಬ್ಯಾಡ್ರೋ. ವಯಸ್ಸಾದ ಮ್ಯಾಲ ಯಾರ ಕೈ ನಡಗಂಗಿಲ್ಲ? ನಮ್ಮ ಉತ್ತಮ ಚಂದ ಸಂಭಾಳಿಸ್ಯಾನ. ತಾನೇ ಬೀದರಕ್ಕ ಹೋಗಿ, ಕಾರ್ ರಿಪೇರಿ ಮಾಡ್ಸಿ, ಎಲ್ಲೂ ದಾಜಿ ಹೆಸರು ಕೆಡಗೊಡಲಿಲ್ಲ."

ಉತ್ತಮ ಆ ಕಡೆ ಬಲೂನು ಊದುತ್ತಿದ್ದ. ಗಲ್ಲ ತುಂಬಿದ್ದರಿಂದ ಅವನಿಗೆ ಮಾತಾಡುವ ಕಷ್ಟ ಬರಲಿಲ್ಲ.

ಬೀದರದಲ್ಲಿ ಗೆದ್ದ ಹೆಸರು ಔರಾದದ ಬಸ್ಸನ್ನೇ ಹತ್ತಿರಲಿಲ್ಲ. ಇಲ್ಲಿ ಬಾನೆಟ್ ಇಲ್ಲ, ಬಿಸಿಲಿಲ್ಲ, ಮುಟ್ಟಿ ನೋಡಲು ಅಂಚಿಲ್ಲ. ಇದ್ದ ಸಾಕ್ಷಿ ಒಂದೇ. ಗೋರಖನಾಥ ಹೆಂಡತಿಯ ಕಡೆ ತಿರುಗಿದ. "ಕೌಸಲ್ಯಾ, ಆದದ್ದೇನು ಅಂತ ನಿಮ್ಮವ್ವಗ ನೀನೇ ಹೇಳು."

ಮನೆಯವರೆಲ್ಲ ಅವಳನ್ನು ನೋಡಿದರು. ಅವಳು ತಾಯಿಯನ್ನು ನೋಡಿದಳು, ತಮ್ಮನನ್ನು ನೋಡಿದಳು, ಟೋಪಿ ಹಾಕಿಕೊಂಡು ಕುಣಿಯುತ್ತಿದ್ದ ಪ್ರಣಾಲಿಯನ್ನು ನೋಡಿದಳು.

"ಆಗಿದ್ದು ಆಗಿ ಹೋಯ್ತು ಬಿಡ್ರಿ" ಎಂದಳು. "ಚಹಾ ತಗೋರಿ, ಆರ್ತದ."

ಅವನು ಚಹಾ ಕುಡಿದ. ಕುಡಿಯದೆ ಎದ್ದಿದ್ದರೆ ಅದಕ್ಕೂ ವಯಸ್ಸಿನ ಹೆಸರು ಬರುತ್ತಿತ್ತು.

ಮಧ್ಯಾಹ್ನ ಬೀದರದ ಬಸ್ಸು. ಕಿಟಕಿಯ ಹತ್ತಿರ ಅವಳು, ಪಕ್ಕದಲ್ಲಿ ಅವನು, ನಡುವೆ ಉಳಿದ ಕೇಕಿನ ಡಬ್ಬಿ. ಹೊಲಗಳಲ್ಲಿ ತೊಗರಿ ಕಟಾವು ನಡೆದಿತ್ತು. ತುಸು ದೂರ ಹೋದ ಮೇಲೆ ಅವಳೇ ಶುರು ಮಾಡಿದಳು. "ನಮ್ಮವ್ವನ ಮುಂದ ಮಗನ್ನ ಸುಳ್ಳುಗಾರ ಅಂತ ಹ್ಯಾಂಗ ಹೇಳ್ಲ್ರಿ? ನಂಗ ಗೊತ್ತದಲ್ಲ ನಿಮ್ಮ ತಪ್ಪಿಲ್ಲಂತ. ನಂಗ ಗೊತ್ತಿದ್ರ ಸಾಲದಾ?"

ಸಂತಪುರ ಬಂತು. ಅದು ಅವನ ಸ್ವಂತ ಊರು. ಅಣ್ಣನ ಮನೆ ಇತ್ತು. ಟಿಕೀಟು ಬೀದರದವರೆಗೂ ಇತ್ತು. ಬಸ್ಸು ನಿಂತಾಗ ಗೋರಖನಾಥ ಎದ್ದು, ಸೀಟು ಸೀಟು ಹಿಡಿಯುತ್ತ, ಇಳಿದುಬಿಟ್ಟ.

ಕೌಸಲ್ಯಾಬಾಯಿ ಡಬ್ಬಿ ಹಿಡಿದು ಅರ್ಧ ಎದ್ದಳು. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ಕೇಳಿದ: "ಬಾಯಿ, ಇಳೀತೀರೋ ಇಲ್ಲೋ?" ಅವಳು ಬಾಗಿಲ ಕಡೆ ನೋಡಿದಳು, ಮತ್ತೆ ಕೂತಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು.

"ರೀ, ಇಲ್ಲ್ಯಾಕ ಇಳದ್ರಿ? ನಾ ಏನ್ ಮಾಡೀನಂತ ಇಳದ್ರಿ?"

ಬಸ್ಸು ಹೊರಡುತ್ತಿತ್ತು. ಗೋರಖನಾಥ ಕೆಳಗಿನಿಂದ ಕೂಗಿ ಹೇಳಿದ:

"ನಿನ್ನ ತಮ್ಮಗ ಕೇಳು. ನಾ ಏನ್ ಮಾಡೀನಿ, ಏನ್ ಮಾಡಿಲ್ಲ ಅನ್ನೋದು ನಿಮ್ಮ ಮನ್ಯಾಗ ಅವನೇ ಹೇಳಬೇಕಲ್ಲ."